ಆರಿಕ್ಕಾಡಿ, ಏಳೂ ನಲವತ್ತು

ಬಂದ್ಯೋಡಿನಿಂದ ಕಾಸರಗೋಡಿಗೆ
ಸ್ಕೂಟರಿನಲ್ಲಿ ಮೊದಲು ಮೂವತ್ತೈದು ನಿಮಿಷ.
ಈಗ ಲೆಕ್ಕ ಇಲ್ಲ.
ನಿನ್ನೆ ಹೋದ ದಾರಿ ಇವತ್ತು ಹೊಂಡ,
ಇವತ್ತಿನ ದಾರಿ ಯಾರದೋ ಗೇಟಿನ ಬುಡದಲ್ಲಿ
ಬಾಳೆಗಿಡ ಸವರಿಕೊಂಡು ಹೋಗುತ್ತದೆ.
ಬಾಣದ ಗುರುತಿನ ಬೋರ್ಡು ಗಾಳಿಗೆ ತಿರುಗಿ
ಎಲ್ಲರನ್ನೂ ಸಮುದ್ರಕ್ಕೆ ಕಳಿಸುತ್ತಿರುತ್ತದೆ.

ನಾನು ಲ್ಯಾಬಿನವಳು. ಎಂಟೂವರೆಗೆ
ಖಾಲಿ ಹೊಟ್ಟೆಯಲ್ಲಿ ಬಂದು ಕೂತಿರುತ್ತಾರೆ
ಸಕ್ಕರೆ ಕಾಯಿಲೆಯ ಹತ್ತು ಹನ್ನೆರಡು ಜನ,
ತೋಳು ಮಡಚಿಟ್ಟು, ನನ್ನ ಸೂಜಿಗೆ ಕಾಯುತ್ತ.
ಅವರ ಬೆಳಗ್ಗಿನ ಚಹಾ ನನ್ನ ಕೈಯಲ್ಲಿದೆ.
ಹಾಗಾಗಿ ಅವಸರ. ಹಾಗಾಗಿ ಹಾರ್ನು.
ಹಾಗಾಗಿ ಐತಪ್ಪಣ್ಣನ ಬಸ್ಸಿನ ಎಡಗಡೆ
ಮೊಳ ಜಾಗ ಕಂಡರೆ ನುಗ್ಗಿಯೇ ಬಿಡುವುದು.

ಇಲ್ಲಿ ಹೆಡ್‌ಲೈಟು ಎರಡು ಸಲ ಮಿನುಗಿದರೆ
'ನೀನು ಬಾ' ಎಂದೂ ಅರ್ಥ,
'ನಾನು ಬಂದೆ, ನೀನು ಸಾಯಬೇಡ' ಎಂದೂ ಅರ್ಥ.
ಯಾವುದೆಂದು ತಿಳಿಯುವಷ್ಟರಲ್ಲಿ
ಎರಡು ಕಾರು ಮೂಗಿಗೆ ಮೂಗು ತಾಗಿಸಿ ನಿಂತು
ಹಿಂದೆ ಶಿರಿಯಾ ಸಂಕದವರೆಗೆ ಸಾಲು.
ಬೈಯಲು ನಮ್ಮಲ್ಲಿ ಭಾಷೆಗೇನು ಬರ?
ತುಳುವಿನಲ್ಲಿ ಶುರುವಾಗಿ, ಮಲಯಾಳದಲ್ಲಿ ಏರಿ,
ಬ್ಯಾರಿಯಲ್ಲಿ ಅಜ್ಜನವರೆಗೆ ಮುಟ್ಟಿ
ಕೊನೆಗೆ ಕನ್ನಡದಲ್ಲಿ ಸುಸ್ತಾಗುತ್ತದೆ:
'ಆಯ್ತು, ಹೋಗಿ ಮಾರಾಯ್ರೆ.'
ಕೆಂಪು ಹಸಿರು ಬಟ್ಟೆ ಹಿಡಿದು ನಿಂತ ಹುಡುಗ,
ಒಡಿಶಾದವನಿರಬೇಕು, ಒಂದೂ ತಿಳಿಯದೆ
ಎಲ್ಲರಿಗೂ ಸಮವಾಗಿ ನಗುತ್ತಾನೆ.

ಧೂಳಿಗೆ ನೀರು ಹೊಡೆಯುವ ಟ್ಯಾಂಕರೊಂದಿತ್ತು.
ಹಿಂದೆ ತೂತು ಕೊರೆದ ಪೈಪು,
ಎರಡೂ ಕಡೆಗೆ ಬಿಳಿಮೀಸೆಯ ಹಾಗೆ ನೀರು.
ಡಿಸೆಂಬರಿನಿಂದ ದಿನಾ ಎದುರಾಗುತ್ತಿತ್ತು,
ನಾನು ಹತ್ತಿರ ಬರುವ ಹೊತ್ತಿಗೆ ಸರಿಯಾಗಿ
ಅದರ ನೀರು ಮುಗಿಯುತ್ತಿತ್ತು.
ಗ್ರಹಗತಿ ಒಳ್ಳೆಯದುಂಟು ಅಂದುಕೊಂಡೆ.
'ನಿನ್ನದು ಪುಣ್ಯ' ಎಂದಳು ಮಿಸ್ರಿಯಾ,
ಬಸ್ಸಿನ ಕಿಟಕಿಯ ಧೂಳು ಕೆಮ್ಮುತ್ತ.

ಮಾರ್ಚಿನ ಒಂದು ಸೋಮವಾರ
ನೀರು ನಿಲ್ಲಲಿಲ್ಲ.

ಸೊಂಟದಿಂದ ಕೆಳಗೆ ಕೆಂಪು ರಾಡಿ.
ಸ್ಕೂಟರು ಅಡ್ಡ ಹಾಕಿ ಬಾಯಿ ತೆರೆದೆ.
ಸ್ಟೀರಿಂಗಿನಲ್ಲಿ ಒಬ್ಬ ಎಳೆಯ,
ನನಗಿಂತ ಮೊದಲು ಅವನೇ ಹೆದರಿದ್ದ.
'ಅಂಬಾಡಿಯೇಟ್ಟನಿಗೆ ಹರ್ನಿಯಾ ಆಪರೇಷನ್ ಚೇಚೀ,
ಸ್ಕೂಟರು ಕಂಡರೆ ಹಗ್ಗ ಎಳೆಯಬೇಕೂಂತ
ಹೇಳಿಕೊಟ್ಟೇ ಹೋಗಿದ್ದರು. ಮರೆತುಹೋಯಿತು.'
ನೋಡಿದೆ. ಅವನ ಸೀಟಿನ ಪಕ್ಕದಿಂದ
ಹಿಂದಿನ ವಾಲ್ವಿನವರೆಗೆ ನೀಲಿ ನೈಲಾನ್ ಹಗ್ಗ.
ಕೈ ಹಿಡಿಯುವಲ್ಲಿ ಮಾತ್ರ
ಬಣ್ಣ ಹೋಗಿ ಬಿಳಿಚಿತ್ತು.

ಮೊಗ್ರಾಲಿನವರೆಗೆ ಎಣಿಸುತ್ತ ಹೋದೆ:
ಭಾನುವಾರ ಬಿಟ್ಟು, ಕ್ರಿಸ್ಮಸ್ ಬಿಟ್ಟು,
ಜ್ವರ ಬಂದ ನಾಲ್ಕು ದಿನ ಬಿಟ್ಟು,
ಎಪ್ಪತ್ತು ಸಲವಾದರೂ ಒಬ್ಬ ಮನುಷ್ಯ
ನಾನು ನೆನೆಯದ ಹಾಗೆ ಹಗ್ಗ ಎಳೆದಿದ್ದಾನೆ.
ಅವನ ಮುಖ ನಾನು ನೋಡಿಲ್ಲ.
ಹೆಲ್ಮೆಟ್ಟಿನೊಳಗಿನ ನನ್ನದನ್ನು ಅವನೂ.
ನನಗೆಂದೇ ಎಳೆದದ್ದೂ ಅಲ್ಲ, ಯಾವ ಸ್ಕೂಟರಾದರೂ ಸರಿ.
ಅದು ಮೊದಲು ಸ್ವಲ್ಪ ಚುಚ್ಚಿತು.
ಆಮೇಲೆ ಅದೇ ಹಿತವಾಯಿತು.

ಲ್ಯಾಬಿಗೆ ತಡ. ಮೊದಲ ಕುರ್ಚಿಯ ಅಜ್ಜ
ನನ್ನ ಒದ್ದೆ ಪ್ಯಾಂಟು ನೋಡಿ ತೋಳು ಬಿಚ್ಚಿ
'ಉಸಿರು ತಗೋ ಮಗಾ, ಆಮೇಲೆ ಚುಚ್ಚು' ಅಂದ.
ಸಂಜೆ ರಿಜಿಸ್ಟರಿನಲ್ಲಿ ಅಂಬಾಡಿ ಎಂಬ ಹೆಸರು ಹುಡುಕಿದೆ.
ಇಬ್ಬರಿದ್ದರು. ಇಬ್ಬರೂ ಅವನಲ್ಲವೇನೋ.

ಮರುದಿನ ಅದೇ ಇಕ್ಕಟ್ಟು.
ಎದುರಿಗೆ ಮೀನಿನ ಆಟೋ, ಐಸು ಕರಗಿ ಸುರಿಯುತ್ತ,
ಅವನಿಗೂ ಅವಸರ.
ಲೈಟು ಎರಡು ಸಲ ಮಿನುಗಿಸಿದೆ. ಅವನು ಬರಲಿಲ್ಲ,
ಅರ್ಥ ಯಾವುದೆಂದು ಅವನಿಗೂ ಅನುಮಾನ.
ಕಾಲು ಊರಿ
ಎಂಜಿನ್ ಆರಿಸಿದೆ.
ಇದಕ್ಕೆ ಎರಡು ಅರ್ಥವಿಲ್ಲ.

ಹ್ಯಾಂಡಲಿನಿಂದ ಒಂದೇ ಬೆರಳು ಎತ್ತಿ
ಬಂಗುಡೆಯ ವಾಸನೆ ಬಿಟ್ಟು ದಾಟಿ ಹೋದ.
ಹಿಂದಿನಿಂದ ಐತಪ್ಪಣ್ಣ ಹಾರ್ನು ಹೊಡೆದ,
ಉದ್ದಕ್ಕೆ.