ಮೇಲ್ಭಾಗ ಯಾವುದು

ಶಿವರಾಂಪೇಟೆಯಲ್ಲಿ ನನ್ನದು ಫೋಟೋಗೆ ಕಟ್ಟು ಹಾಕುವ ಅಂಗಡಿ.
ಚಾಮುಂಡಿ, ನಂಜುಂಡ, ಮದುವೆಯ ಜೋಡಿ,
ತೀರಿಕೊಂಡವರು, ಅವರಿಗೊಂದು ಗಂಧದ ಚಕ್ಕೆಯ ಹಾರ.
ಯಾವುದು ತಲೆ ಯಾವುದು ಕಾಲು
ಎಂದು ಯಾರನ್ನೂ ಕೇಳಿದವನಲ್ಲ ನಾನು,
ಪುಟ್ಟಮಾದು ಬರುವವರೆಗೆ.

ಅಶೋಕಪುರಂನವನು. ರೈಲ್ವೆ ವರ್ಕ್‌ಶಾಪಿನಲ್ಲಿ
ಮೂವತ್ತೊಂದು ವರ್ಷ ಬೋಗಿಗಳ ಹಳೇ ಬಣ್ಣ ಉಜ್ಜಿದವನು.
ಸೈಕಲ್ಲಿನ ಕ್ಯಾರಿಯರಿಗೆ ಸುತಳಿಯಲ್ಲಿ ಬಿಗಿದು
ಇಷ್ಟಗಲ ಕ್ಯಾನ್ವಾಸು ತಂದ.
ಬೂದಿ. ಬೂದಿಯ ಮೇಲೆ ಬೂದಿ. ಒಂದು ಮೂಲೆಯಲ್ಲಿ
ಯಾರೋ ಬೆರಳು ಒರೆಸಿದಷ್ಟು ಅರಿಶಿನ.

‘ಕೊಕ್ಕೆ ಎಲ್ಲಿ ಹೊಡೀಲಿ? ಮೇಲ್ಭಾಗ ಯಾವುದು?’
ನಾಲ್ಕೂ ಕಡೆ ತಿರುಗಿಸಿ ನೋಡಿದ.
‘ನಾಲ್ಕಕ್ಕೂ ಹೊಡಿ’ ಅಂದ.
ಕೊಕ್ಕೆಗೆ ಎರಡು ರೂಪಾಯಿ, ನಾನೇನು ಬೇಡ ಅನ್ನಲೆ?

ಗಾಜೂ ಬೇಡವಂತೆ. ಧೂಳು ಕೂರುತ್ತಲ್ಲ ಅಂದೆ.
ಕೂರಲಿ ಬಿಡು, ಅದಕ್ಕೂ ಜಾಗ ಬೇಕು.

ಟೀ ಕುಡಿಯುತ್ತ ಒಮ್ಮೆ ತಾನಾಗಿ ಹೇಳಿದ:
‘ಬೋಗಿ ಬಿಚ್ಚುತ್ತೇವೆ. ಗಾಲಿ ಅತ್ತ, ಸೀಟು ಇತ್ತ,
ಕಿಟಕಿ ಸರಳು ಬೇರೆ, ಬಾಗಿಲು ಬೇರೆ ಗುಡ್ಡೆ.
ಹೊಸದಾಗಿ ಸೇರಿದಾಗ ಹುಡುಕಿದ್ದೆ ಕಣಪ್ಪ,
ಇಷ್ಟರಲ್ಲಿ ರೈಲು ಯಾವುದು ಅಂತ.
ಬಣ್ಣ ಉಜ್ಜಿದರೆ ಕೆಳಗೆ ಹಸಿರು, ಅದರ ಕೆಳಗೆ ಕೆಂಪು,
ಕೆಂಪಿನ ಕೆಳಗೆ ತುಕ್ಕು.
ಭಾನುವಾರ ವಿಹಾರದಲ್ಲಿ ಭಂತೇಜಿ ಅದನ್ನೇ ಹೇಳಿದಾಗ
ನಗು ಬಂತು. ನನಗೆ ಸಂಬಳ ಕೊಟ್ಟು ಕಲಿಸಿದ್ದರು.’

ಒಂದು ಪಟ ಮಾತ್ರ ಒಯ್ಯಲಿಲ್ಲ. ಎರಡು ವರ್ಷ
ಗಲ್ಲಾಪೆಟ್ಟಿಗೆಯ ಹಿಂದೆ ನೇತಾಡಿತು.
ಗೋಡೆ ಸೋರುತ್ತಾ, ಎಂದು ಕೇಳಿದ ಗಿರಾಕಿಗಳುಂಟು.
ಬೇಸರವಾದಾಗ ಕೊಕ್ಕೆ ಬದಲಿಸುತ್ತಿದ್ದೆ;
ಅರಿಶಿನ ಒಮ್ಮೆ ಹೊತ್ತು ಹುಟ್ಟಿದ ಹಾಗೆ,
ಒಮ್ಮೆ ಮೇಜಿನಡಿ ಬಿದ್ದ ಚಿಲ್ಲರೆ.
ನನ್ನವಳು ಹೋದ ವಾರ, ಅವಳ ಫೋಟೋಗೆ
ನಾನೇ ಕಟ್ಟು ಹಾಕಿದ ವಾರ ಮಾತ್ರ
ಯಾವ ಕಡೆ ತಿರುಗಿಸಿದರೂ ಒಂದೇ.

ಈ ಯುಗಾದಿಯ ಮಾರನೇ ದಿನ ಬಂದು ಇಳಿಸಿಕೊಂಡ.
ಊದುಕಡ್ಡಿ ಹೊಗೆಗೆ ಕಂದಿದ ಗೋಡೆಯಲ್ಲಿ
ಅದಿದ್ದಷ್ಟು ಜಾಗ ಬೆಳ್ಳಗೆ, ಚೌಕವಾಗಿ.
ಪಟ ಕಂಕುಳಲ್ಲಿ. ಅವನು ನೋಡುತ್ತ ನಿಂತದ್ದು ಗೋಡೆ.
‘ಇದು ಚೆನ್ನಾಗಿ ಬಂದಿದೆ’ ಅಂದ.
ಬಾಕಿ ಕೊಟ್ಟ. ಚಿಲ್ಲರೆ ಮರೆತು ಹೋದ.

ಸುಣ್ಣ ಹೊಡೆಸಪ್ಪ ಅನ್ನುತ್ತಾನೆ ಮಗ.
ನಾನು ಬೆಳಿಗ್ಗೆ ಬಾಗಿಲು ತೆಗೆದು
ಎಂದಿನಂತೆ ಎರಡು ಕಡ್ಡಿ ಹಚ್ಚುತ್ತೇನೆ.
ಅಂಚು ಆಗಲೇ ಕರಗುತ್ತಿದೆ,
ಎಡಗಡೆ ಸ್ವಲ್ಪ ಬೇಗ.