ಬೇರೆ ರೀಲಿನ ದಾರ

ಹೆಸರು ರಖುಮಾಬಾಯಿ. ದಾವಣಗೆರೆ ಚೌಕಿಪೇಟೆಯ ಸಂದಿಯೊಳಗೆ
ಮೂವತ್ತೊಂದು ವರ್ಷದಿಂದ ರವಿಕೆ ಹೊಲಿಯುತ್ತೇನೆ.
ಓದಿದ್ದು ಆರನೇ ಕ್ಲಾಸು. ಅದನ್ನೂ ಬರೆದುಕೊಳ್ಳಿ.

ಅರ್ಧ ಪೇಟೆಯ ಹೆಂಗಸರ ಎದೆಯಳತೆ
ನನ್ನ ನೋಟ್‌ಬುಕ್ಕಿನಲ್ಲಿದೆ.
ನನ್ನದು ಮಾತ್ರ ಬರೆದಿಟ್ಟಿರಲಿಲ್ಲ.
ಒಂದು ಶ್ರಾವಣ, ನನಗೇ ಒಂದು ಕತ್ತರಿಸೋಣವೆಂದು
ಟೇಪು ಸುತ್ತಿದಾಗ ಬೆರಳಿಗೆ ಸಿಕ್ಕಿತು,
ಬಾಬಿನ್ನಿನ ಅಡಿದಾರ ತೊಡರಿಕೊಂಡಂಥ
ಸಣ್ಣ ಗಂಟು.

ಡಾಕ್ಟರು ಸೂಜಿ ಚುಚ್ಚಿ ತೆಗೆದರು, ಲ್ಯಾಬಿಗೆ ಕಳಿಸಿದರು.
ಹತ್ತು ದಿನಕ್ಕೆ ಚೀಟಿ ಬಂತು. ಓದಿದರು.
ನಾಲ್ಕು ಮಡಿಕೆ ಮಡಚಿ ಡ್ರಾಯರಿಗೆ ಹಾಕಿದರು.
"ಬರೀ ಕೊಬ್ಬಿನ ಗಂಟು, ಏನಿಲ್ಲ.
ಹೋಗ್ರಿ, ಗೌರಿ ಹಬ್ಬದ ಗಿರಾಕಿ ನೋಡ್ರಿ."
ನಾನು ನಕ್ಕೆ.
ಆ ಸಲ ಅವರ ಹೆಂಡತಿಯ ರವಿಕೆಗೆ
ಕೂಲಿ ತೆಗೆದುಕೊಳ್ಳಲಿಲ್ಲ.

ಹದಿನಾಲ್ಕು ತಿಂಗಳಿಗೆ, ಹುಬ್ಬಳ್ಳಿಯಲ್ಲಿ,
ಎಡಗಡೆಯದನ್ನು ತೆಗೆದರು. ಹಳೆಯ ಚೀಟಿ ಕೇಳಿದರು.
ಲ್ಯಾಬಿನವರು ಕೊಟ್ಟ ನಕಲಿನ ಕೊನೇ ಸಾಲನ್ನು
ತಂಗಿಯ ಮಗಳು ಓದಿದಳು.
ಇನ್ನೊಂದು ಸಲ ಓದಿದಳು.

ಈಗ ನನ್ನ ಅಳತೆಯೂ ನೋಟ್‌ಬುಕ್ಕಿನಲ್ಲಿದೆ:
ಬಲಕ್ಕೆ ಎರಡು ಟಕ್ಸು. ಎಡಕ್ಕೆ ಬೇಡ.

ತಪ್ಪಿದ್ದರೆ ಬಿಡುತ್ತಿದ್ದೆ, ಸ್ವಾಮಿ.
ನಾನೂ ತೋಳು ತಿರುಗಾಮುರುಗಾ ಕೂಡಿಸಿದ್ದೇನೆ,
ಗಿರಾಕಿಯ ಎದುರೇ ಬಿಚ್ಚಿದ್ದೇನೆ, ಬೈಸಿಕೊಂಡಿದ್ದೇನೆ.
ಮಡಚಿ ಇಟ್ಟದ್ದು ಯಾಕೆ ಅಂತ ಮಾತ್ರ
ಇವತ್ತಿಗೂ ತಿಳಿದಿಲ್ಲ.

ಆಯೋಗಕ್ಕೆ ಅವರು ಕೊಟ್ಟ ಫೈಲಿನಲ್ಲಿ ಒಂದು ಸಾಲಿದೆ.
"ಹೆಚ್ಚಿನ ಪರೀಕ್ಷೆಗೆ ಸೂಚಿಸಲಾಯಿತು. ರೋಗಿ ಒಪ್ಪಲಿಲ್ಲ."
ಅಕ್ಷರ ಅವರದೇ. ನೀಲಿ ಬೇರೆ.
ಹಳೇ ಹೊಲಿಗೆಯ ಪಕ್ಕ ಹೊಸ ರೀಲಿನ ದಾರವನ್ನು
ಎಷ್ಟೇ ಹೊಂದಿಸಿದರೂ ಬಿಸಿಲಿಗೆ ಹಿಡಿದರೆ ಕಾಣುತ್ತದೆ.
ಹಾಳೆ ಹಿಡಿದು ಕಿಟಕಿಗೆ ಹೋದೆ,
ಜವಾನ ಗದರಿ ಕೂರಿಸಿದ.

ಅವರ ವಕೀಲರು ಎದ್ದರು: ಎರಡು ವರ್ಷದ ಅವಧಿ ಮೀರಿದೆ.
ಯಾವತ್ತಿನಿಂದ ಎಣಿಸುತ್ತೀರಿ?
ಚೀಟಿ ಡ್ರಾಯರಿಗೆ ಹೋದ ದಿನದಿಂದಲೆ?
ಅವತ್ತು ಸಂಜೆ ನಾನು ಹಾಡುತ್ತಾ
ಕಾಜಾ ಹೊಲಿಯುತ್ತಿದ್ದೆನಲ್ಲ.

"ಹದಿನೆಂಟು ಲಕ್ಷಕ್ಕೆ ಗಂಟುಬಿದ್ದಿದ್ದಾಳೆ"
ಅಂತ ಹೊರಗೆ ಯಾರೋ ಅಂದರು.
ಗಂಟುಬಿದ್ದದ್ದು ನಾನಲ್ಲ.

ನಮ್ಮ ವಕೀಲ ಬೋರಲಿಂಗಪ್ಪ ಹೇಳುತ್ತಾರೆ,
ಶಾಯಿಯನ್ನು ತಜ್ಞರಿಗೆ ಕಳಿಸಬೇಕು, ಶುಲ್ಕ ಕಟ್ಟಬೇಕು.
ಲೆಕ್ಕ ಹಾಕಿದೆ: ನೂರಿಪ್ಪತ್ತು ಸೀರೆಯ ಫಾಲ್ಸು.
ಎಡಗೈ ಬಾವು ಬಂದರೆ ದಿನಕ್ಕೆ ಮೂರೇ ಆಗುತ್ತದೆ.
ಮುಂದಿನ ವಾಯಿದೆ ಹತ್ತೊಂಬತ್ತಕ್ಕೆ.

ಇನ್ನೊಂದು ವಿಷಯ, ಇದನ್ನು ಬರೆದುಕೊಳ್ಳಬೇಕೋ ಬೇಡವೋ.
ಡಾಕ್ಟರ ಹೆಂಡತಿಯ ಒಂದು ಪೀಸು ನನ್ನ ಹತ್ತಿರವೇ ಉಳಿದಿದೆ.
ಪಾಚಿ ಹಸಿರು, ಕತ್ತರಿಸಿಟ್ಟದ್ದು.
ಅವರು ಕೇಳಿ ಕಳಿಸಿಲ್ಲ.
ಅಳತೆ ನೋಡದೆಯೂ ಹೊಲಿಯಬಲ್ಲೆ.
ಮೊಳೆಯಲ್ಲಿ ತೂಗುಹಾಕಿದ್ದೇನೆ.