ಕೂಗಳತೆ

ಪರ್ತ್‌ನಿಂದ ಲಂಡನ್ನಿಗೆ ಹದಿನಾಲ್ಕೂವರೆ ಸಾವಿರ ಕಿಲೋಮೀಟರು.
ಹದಿನೇಳು ತಾಸು, ಅದರ ಮೇಲೆ ಇಪ್ಪತ್ತು ನಿಮಿಷ.
ನಡುವೆ ನಿಲ್ದಾಣವಿಲ್ಲ.
ಇಪ್ಪತ್ತೆರಡು ವರ್ಷ ಫ್ರೀಮ್ಯಾಂಟಲ್ ಬಸ್ಸು ಓಡಿಸಿದವನು ನಾನು,
ನಲವತ್ತು ನಿಮಿಷಕ್ಕೆ ಮೂವತ್ತೊಂದು ಸಲ ನಿಂತವನು;
ನಿಲ್ಲದ ದಾರಿಯ ಮೇಲೆ ನನಗೆ ನಂಬಿಕೆ ಕಡಿಮೆ.

ಪಾದಗಳ ನಡುವೆ ನೀಲಿ ಪೆಟ್ಟಿಗೆ.
ಒಳಗೆ ತೆಳು ಟೊಮೆಟೊ ಸಾರಿನ ಬಣ್ಣದ ಒಂದು ಚೀಲ,
ಯಾರದೋ ರಕ್ತದಿಂದ ಇಂದು ಮಧ್ಯಾಹ್ನ ಸೋಸಿಕೊಂಡ ಕಾಂಡಕೋಶ.
ಎಪ್ಪತ್ತೆರಡು ತಾಸು ಅದರ ಆಯುಸ್ಸು.
ಅಷ್ಟರಲ್ಲಿ ಲೀಡ್ಸಿನ ಒಂದು ಹಾಸಿಗೆ ಮುಟ್ಟಬೇಕು.
ಕೊಟ್ಟವರ ಹೆಸರಿಲ್ಲ, ಪಡೆಯುವವರ ಹೆಸರಿಲ್ಲ, ಬರೀ ಒಂದು ಸಂಖ್ಯೆ.
ಆಸ್ಪತ್ರೆಯ ಪಡಸಾಲೆಯಲ್ಲಿ ಒಬ್ಬಳು
ಎರಡೂ ಮೊಣಕೈ ಸಂದಿಗೆ ಹತ್ತಿ ಅಂಟಿಸಿಕೊಂಡು
ಬಾಳೆಹಣ್ಣು ಸುಲಿಯಲಾಗದೆ ನಗುತ್ತಿದ್ದಳು.
ಅವಳಿರಬಹುದು. ಅಲ್ಲದಿರಬಹುದು.
ಕೇಳಬಾರದು; ಸುಲಿದು ಕೊಟ್ಟೆ, ಅಷ್ಟೆ.

ಸಂಜೆ ಆರೂಮುಕ್ಕಾಲಕ್ಕೆ ಎದ್ದ ವಿಮಾನ
ಪಡುವಣಕ್ಕೆ ಮುಖಮಾಡಿ ಓಡುತ್ತದೆ,
ಇರುಳೂ ರೆಕ್ಕೆ ಹಿಡಿದು ಜೊತೆಗೇ.
ಬೆಳಗಿನ ಐದಕ್ಕೆ ಲಂಡನ್. ಗೋಡೆ ಗಡಿಯಾರದ ಲೆಕ್ಕದಲ್ಲಿ ಹತ್ತೇ ತಾಸು.
ಉಳಿದ ಏಳು ಎಲ್ಲಿ ಹೋದವು?
ಪಕ್ಕದ ಸೀಟಿನ ಡೋರೀನ್, ಆಲ್ಬನಿಯವಳು, ಎಂಬತ್ತೊಂದು,
ತಂಗಿಯೊಡನೆ ಹಳೆಯದೊಂದು ಜಗಳ ಮುಗಿಸಲು ಹೊರಟವಳು,
"ವಾಪಸ್ ಬರುವಾಗ ಕಸಿದುಕೊಳ್ಳುತ್ತಾರೆ, ಹಿಗ್ಗಬೇಡ" ಎಂದಳು.
ಆಮೇಲೆ ಪೆಟ್ಟಿಗೆ ಕಂಡು, "ಊಟವೇ?"
"ಹೌದು" ಎಂದೆ, "ನನ್ನದಲ್ಲ."

ಚೀಲಕ್ಕೆ ಯಾವ ಗಡಿಯಾರದ ಹಂಗೂ ಇಲ್ಲ.
ನಾಲ್ಕು ಡಿಗ್ರಿ ತಣ್ಣಗೆ, ಒಂದೇ ಸಮ, ಅದು ಸಾಯುತ್ತಿದೆ.
ಹಾಗಾಗಿ ನನ್ನ ಕೈಗಡಿಯಾರವನ್ನೂ ನಾನು ತಿರುಗಿಸಲಿಲ್ಲ.
ಪರದೆಯ ಮೇಲೆ ಪುಟ್ಟ ವಿಮಾನ ಸಾಸಿವೆಯಷ್ಟು ಸರಿಯುತ್ತದೆ:
ಹಿಂದೂ ಮಹಾಸಾಗರ. ಮತ್ತೆ ಹಿಂದೂ ಮಹಾಸಾಗರ.
ಒಮ್ಮೆ ಕಿಟಕಿಯ ಅಂಚಿನಲ್ಲಿ ದೀಪದ ಪುಡಿ,
ಹುಟ್ಟಿದ ದಿಕ್ಕು ಇರಬೇಕು;
ಡೋರೀನಳ ಗೊರಕೆ ದಾಟಿ ಇಣುಕಲಿಲ್ಲ.

ಹರದಾರಿ, ಗಾವುದ, ಕೂಗಳತೆ:
ನಮ್ಮ ಮಾತಿನಲ್ಲಿ ದೂರಕ್ಕೆ ಕಾಲಿತ್ತು, ಗಂಟಲಿತ್ತು.
ಇಲ್ಲಿ ಯಾರು ಕೂಗಿದರು? ಯಾರಿಗೆ ಕೇಳಿಸಿತು?
ಲೀಡ್ಸಿನಲ್ಲಿ ಒಬ್ಬರ ಮಜ್ಜೆಯನ್ನು ಆಗಲೇ ಬರಿದು ಮಾಡಿ
ಕೋಣೆಯ ಬಾಗಿಲು ಹಾಕಿದ್ದಾರೆ.
ಅವರಿಗಿನ್ನು ಹಿಂದಕ್ಕೆ ದಾರಿಯಿಲ್ಲ.
ಇಷ್ಟು ಗೊತ್ತು ನನಗೆ. ಅದಕ್ಕೇ ಕಣ್ಣು ಮುಚ್ಚುವುದಿಲ್ಲ.

ಹದಿನೇಳು ತಾಸು ಸಮುದ್ರ, ಮರುಭೂಮಿ, ಹಿಮ ದಾಟಿ ಬಂದವನನ್ನು
ಕಿಂಗ್ಸ್ ಕ್ರಾಸಿನಲ್ಲಿ ರೈಲು ಹನ್ನೊಂದು ನಿಮಿಷ ಕಾಯಿಸಿತು.
ಬೈದೆ, ಕನ್ನಡದಲ್ಲಿ, ಬಾಯಿ ತುಂಬ.
ಪಕ್ಕದಲ್ಲಿದ್ದವನು ಪ್ರಾರ್ಥನೆ ಎಂದುಕೊಂಡು ತಲೆ ತಗ್ಗಿಸಿದ.

ಲೀಡ್ಸಿನ ನರ್ಸು ಮುಚ್ಚಳ ತೆರೆದು ಓದಿದಳು: ನಾಲ್ಕು ಪಾಯಿಂಟ್ ಎಂಟು.
"ಪ್ರಯಾಣದ ಅವಧಿ?"
ಮಣಿಕಟ್ಟು ನೋಡಿದೆ. ಪರ್ತ್‌ನಲ್ಲಿ ಸಂಜೆ ಐದೂಕಾಲು.
"ಇಪ್ಪತ್ತಾರೂಕಾಲು ತಾಸು."
ಬರೆದುಕೊಂಡಳು. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡಿತು.

ಮರಳುವಾಗ ಖಾಲಿ ಪೆಟ್ಟಿಗೆ ಎಕ್ಸ್‌ರೇ ಬೆಲ್ಟಿನ ಮೇಲೆ
ಎಲ್ಲರ ಚಪ್ಪಲಿ, ಬೆಲ್ಟುಗಳ ಹಿಂದೆ ಹೋಯಿತು; ಯಾರೂ ಪತ್ರ ಕೇಳಲಿಲ್ಲ.
"ಮೇಲಿಡಲೇ?" ಎಂದಳು ಗಗನಸಖಿ.
ಬೇಡವೆಂದೆ.
ಏಳು ತಾಸು ಎಲ್ಲಿ ಕಸಿದುಕೊಂಡರೋ ತಿಳಿಯಲಿಲ್ಲ,
ಅದರ ಮೇಲೆ ಕಾಲು ಚಾಚಿ ಮಲಗಿಬಿಟ್ಟಿದ್ದೆ.